ಅತಿಥಿಯಾಗಲು ಒಲ್ಲೆನೆಂದ ಮಾಪಣ್ಣ

ಮುಂಬೈ ಪಕ್ಕದ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಹೋಟೆಲ್ ನಡೆಸುವವನಿಗೆ ತಾಳ್ಮೆ ಇರಬೇಕು ಎನ್ನುತ್ತಾಳೆ ನನ್ನ ಹೆಂಡತಿ ಜಯಲತಾ. ನನಗಿಲ್ಲ. ಅದರಲ್ಲೂ ಇಡ್ಲಿ ತಿನ್ನಲು ಬಂದು, ಸಾಂಬಾರಿಗೆ ಹಾಕಿದ ಇಂಗಿನ ಡಬ್ಬಿ ತೋರಿಸಿ ಎನ್ನುವ ಗಿರಾಕಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಕ್ರೇನ್ ಆಪರೇಟರ್ ಮಾಪಣ್ಣ ನನಗೆ ಪರಿಚಯವಾದದ್ದೇ ಹಾಗೆ.

"ಎಂತ ಮಾರಾಯಾ, ನಾನು ವಿಷ ಹಾಕ್ತೇನಾ?" ಎಂದು ರೇಗಿದ್ದೆ.

"ಹಂಗಲ್ರೀ ಅಣ್ಣಾ. ಇಂಗಿನಾಗ ಮೈದಾ ಕೂಡಿಸಿರ್ತಾರ. ನನಗ ಗೋಧಿ ಆಗಂಗಿಲ್ಲ," ಎಂದ. ಕೊನೆಗೆ ಚಟ್ನಿಯಲ್ಲೇ ಇಡ್ಲಿ ಮುಗಿಸಿ ಎದ್ದ. ಅಂದಿನಿಂದ ಅವನು ನನ್ನ ಖಾಯಂ ಗಿರಾಕಿ.

ಕಲಬುರಗಿ ಕಡೆಯಿಂದ ಬಂದ ಮಾಪಣ್ಣ ಮೊದಲು ತುರ್ಭೆಯಲ್ಲಿ ಹೆಗಲ ಮೇಲೆ ಮಾಲು ಹೊತ್ತವನು. ಆಮೇಲೆ ಕ್ರೇನಿಗೆ ಹೆಲ್ಪರ್ ಆದ, ನೋಡಿ ನೋಡಿ ಕಲಿತು ಆಪರೇಟರ್ ಆದ. ಆದರೆ ಮೈಯಲ್ಲಿ ಮಾಂಸವೇ ಇರಲಿಲ್ಲ. ಎರಡು ಹೊತ್ತು ವಡಾಪಾವ್ ತಿಂದು ದುಡಿಯುವುದು, ಹೊಟ್ಟೆ ಹಿಡಿದುಕೊಂಡು ಮಲಗುವುದು. ಹೆಂಡತಿ ಗುರಮ್ಮ ತಾಯತ ಕಟ್ಟಿಸಿದಳು, ಹರಕೆ ಹೊತ್ತಳು, ದೃಷ್ಟಿ ತೆಗೆದಳು. ಒಂದು ದಿನ ಉಕ್ಕಿನ ಸುರುಳಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಅವನಿಗೆ ಹೊಟ್ಟೆ ಹಿಂಡಿ ಕಣ್ಣು ಕತ್ತಲೆ ಬಂತು. ಕೆಳಗೆ ಜನರಿದ್ದರು. ಹೇಗೋ ಸುರುಳಿಯನ್ನು ನೆಲಕ್ಕೆ ಮುಟ್ಟಿಸಿದ ಮೇಲೆಯೇ ಅವನು ಕುಸಿದದ್ದು.

ಆಗ ನೆರೂಲಿನ ಡಾಕ್ಟರೊಬ್ಬರು ರೋಗ ಹಿಡಿದರು. ಗೋಧಿಯಲ್ಲಿ ಗ್ಲೂಟೆನ್ ಎಂಬ ಜಿಗಟು ಇರುತ್ತದೆ, ಇವನ ಕರುಳಿಗೆ ಅದು ಒಗ್ಗುವುದಿಲ್ಲ, ಚೂರು ಒಳಗೆ ಹೋದರೂ ಅವತ್ತಿನ ಕತೆ ಮುಗಿಯಿತು. ಜೋಳ, ಅಕ್ಕಿ, ಸಜ್ಜೆ ತಿನ್ನಬಹುದು. ಜೋಳದ ಸೀಮೆಯಲ್ಲಿ ಹುಟ್ಟಿದವನಿಗೆ ಇದೇನು ಮಹಾ ಶಿಕ್ಷೆಯಲ್ಲ. ಗುರಮ್ಮ ಮಾತ್ರ ಅಂದಿನಿಂದ ಹಿಟ್ಟಿನ ಗಿರಣಿಯವನ ಜೊತೆ ಜಗಳಕ್ಕೆ ನಿಂತಳು. ಗೋಧಿ ಬೀಸಿದ ಕಲ್ಲಿಗೆ ಅವಳ ಜೋಳ ಸುರಿಯುವಂತಿಲ್ಲ. ಮಾಪಣ್ಣನ ಕೆನ್ನೆ ತುಂಬಿಕೊಂಡಿತು.

ಇಂಥವನನ್ನು ಕಂಪನಿಯವರು ಜೈಸಲ್ಮೇರ್ ಕಡೆಯ ಮರುಭೂಮಿಗೆ ಹೊರಡಿಸಿದರು. ಅಲ್ಲೊಂದು ಸೋಲಾರ್ ಪ್ಲಾಂಟಿನಲ್ಲಿ ಭಾರಿ ಟ್ರಾನ್ಸ್‌ಫಾರ್ಮರ್ ಎತ್ತಿ ಕೂರಿಸಬೇಕಿತ್ತು. ಹೋಗದಿದ್ದರೆ, ಪಥ್ಯದವನು, ಹೊರಗಿನ ಕೆಲಸಕ್ಕೆ ಬಾರದವನು ಎಂಬ ಮಾತು ಆಫೀಸಿನಲ್ಲಿ ನಿಂತುಬಿಡುತ್ತದೆ. ಇವತ್ತು ಹೊರಗಿನ ಕೆಲಸ ಕೊಡದವರು ನಾಳೆ ಕ್ರೇನನ್ನೇ ಕಿತ್ತುಕೊಳ್ಳುತ್ತಾರೆ. ಗುರಮ್ಮನ ಚಿಂತೆ ಬೇರೆ. "ಅಲ್ಲಿ ಹೊಟ್ಟಿ ಕೆಟ್ರ ಕೆಳಗ ನಿಂತವರ ಗತಿ ಏನು? ನಿನ್ನ ಗತಿ ಏನು?" ಎಂದು ಅತ್ತಳು. ಅಳುತ್ತಲೇ ಖಡಕ್ ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ದೊಡ್ಡ ಗಂಟು ಕಟ್ಟಿದಳು. ತಿಂಗಳಿಟ್ಟರೂ ಕೆಡದ ಒಣ ರೊಟ್ಟಿ. ಹೋಗಿಬರುವವರೆಗೆ ಧಾರಾಳವಾಗಿ ಸಾಕಿತ್ತು.

ಸಾಲಲಿಲ್ಲ. ಯಾಕೆ ಗೊತ್ತೇ? ಅವರ ಕಡೆ ಬುತ್ತಿ ಬಿಚ್ಚಿದವನು ಒಬ್ಬನೇ ಉಣ್ಣುವ ಪದ್ಧತಿಯಿಲ್ಲ. ಕ್ರೇನ್ ಹೇರಿದ ಟ್ರೇಲರಿನ ಡ್ರೈವರ್ ಹಿತೇಶನಿಗೆ ಮಾಪಣ್ಣ ಮೊದಲ ದಿನ ಒಂದು ರೊಟ್ಟಿ ಕೊಟ್ಟ. ಅವನಿಗೆ ಚಟ್ನಿಯ ರುಚಿ ಹತ್ತಿತು. ಆಮೇಲೆ ಗಾಡಿ ನಿಲ್ಲಿಸಿದ ಪ್ರತಿ ಢಾಬಾದಲ್ಲೂ ಪಕ್ಕದಲ್ಲಿ ಕೂತ ಲಾರಿಯವರಿಗೆಲ್ಲ ಹಂಚಿದ. ಬಾಡಮೇರ್ ದಾಟುವಾಗ ಗಂಟಿನಲ್ಲಿ ಪುಡಿ ಉಳಿದಿತ್ತು.

ಕಳಂಬೋಲಿಗೆ ಮರಳಿ ಬಂದು ಅವನು ಇದನ್ನು ಹೇಳಿದಾಗ ನಾನು ಸುಮ್ಮನಿರಲಿಲ್ಲ. "ಪ್ರಾಣ ಉಳಿಸುವ ರೊಟ್ಟಿಯನ್ನು ದಾನ ಮಾಡಿದೆಯಾ? ಅಕ್ಕಲ್ ಉಂಟಾ ನಿನಗೆ?"

"ಎದುರಿಗಿ ಕುಂತವ್ನ ಬಾಯಿ ನೋಡ್ಕೋತ ಹ್ಯಾಂಗ ಉಣ್ಲಿ ಅಣ್ಣಾ?" ಎಂದ.

ಸೈಟಿಗೆ ಹೋದರೆ ಅನ್ನ ಸಿಗುತ್ತದೆ ಎಂದು ಧೈರ್ಯ ತಂದುಕೊಂಡಿದ್ದ. ಆದರೆ ಮಧ್ಯಾಹ್ನ ಮರಳಿನ ಬಿರುಗಾಳಿ ಎದ್ದು ದಾರಿಯೇ ಮುಚ್ಚಿಹೋಯಿತು. ಟ್ರೇಲರಿನ ಗಾಲಿಗಳು ಹೂತವು. ಸೈಟಿನವರಿಗೆ ಫೋನ್ ಮಾಡಿದರೆ, ಬೆಳಿಗ್ಗೆ ಜೆಸಿಬಿ ತಂದು ಎಳೆಯುತ್ತೇವೆ, ಬಂದ ಕೂಡಲೇ ಟ್ರಾನ್ಸ್‌ಫಾರ್ಮರ್ ಎತ್ತಬೇಕು ಎಂದರು. ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ ಮನೆ. ಧಾಪೂ ಎಂಬ ಮುದುಕಿ, ಅವಳ ಗಂಡ, ಒಂದಷ್ಟು ಆಡು. ಅಂಗಳದಲ್ಲಿ ಹಗ್ಗದ ಮಂಚ ಹಾಕಿ ಇಬ್ಬರನ್ನೂ ಕೂರಿಸಿದರು. ಮುದುಕಿ ಗೋಧಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು. ಮಾಪಣ್ಣ ಬೆಳಗಿನಿಂದ ಏನೂ ತಿಂದಿರಲಿಲ್ಲ.

ತನಗೆ ಬರುವ ಮುಂಬೈ ಹಿಂದಿಯಲ್ಲಿ, ಅಮ್ಮಾ, ನನಗೆ ಗೋಧಿ ಆಗುವುದಿಲ್ಲ, ನೀವು ದಿನಾ ತಿನ್ನುವ ಸಜ್ಜೆ ರೊಟ್ಟಿ ಕೊಡಿ ಎಂದ. ಮುದುಕಿಯ ಮುಖ ಸಣ್ಣದಾಯಿತು. "ಮೆಹಮಾನ್ ಕೋ ಬಾಜರಾ ಕೈಸೇ ದೂಂ?" ಎಂದಳು. ಅತಿಥಿಗೆ ಸಜ್ಜೆ ಬಡಿಸುವುದೆಂದರೆ ಅವಳಿಗೆ ಅವಮಾನ. ನಮ್ಮ ಬಡತನ ನೋಡಿ ಇವನು ಸಂಕೋಚಪಡುತ್ತಿದ್ದಾನೆ ಎಂದುಕೊಂಡಳು. ಕಾಯಿಲೆ ಎಂದರೂ ನಂಬಲಿಲ್ಲ. ಗೋಧಿ ತಿಂದರೆ ಯಾರಿಗಾದರೂ ಕಾಯಿಲೆ ಬರುತ್ತದೆಯೇ? ಮಾಪಣ್ಣನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವನ ತಾಯಿಯೂ ಹಾಗೆಯೇ. ಬೀಗರು ಬಂದು, ಹೋಳಿಗೆ ಬೇಡ, ರೊಟ್ಟಿ ಸಾಕು ಎಂದರೆ ಮೂರು ದಿನ ಮುಖ ಊದಿಸಿಕೊಳ್ಳುತ್ತಿದ್ದಳು.

ಅತಿಥಿಯಾಗಿರುವ ತನಕ ಗೋಧಿ ತಪ್ಪಿದ್ದಲ್ಲ ಎಂದು ಅವನಿಗೆ ಅರ್ಥವಾಯಿತು. ಮಂಚದಿಂದ ಇಳಿದ. ಗಾಳಿ ತಂದು ಸುರಿದ ಮರಳು ಆಡಿನ ಕೊಟ್ಟಿಗೆಯ ಬಾಗಿಲನ್ನು ಅರ್ಧ ಮುಚ್ಚಿತ್ತು, ಒಳಗೆ ಆಡುಗಳು ಅರಚುತ್ತಿದ್ದವು. ಸಲಿಕೆ ಹಿಡಿದು ಮರಳು ತೆಗೆಯತೊಡಗಿದ. ಮುದುಕ ಬೇಡ ಬೇಡ ಎಂದು ಓಡಿಬಂದ. ಇವನು ಕೇಳಲಿಲ್ಲ. ಬಾಗಿಲು ತೆರೆಸಿ, ನೆಲದೊಳಗಿನ ತೊಟ್ಟಿಯಿಂದ ನೀರು ಸೇದಿ ಆಡುಗಳಿಗೆ ಕುಡಿಸಿ, ಕೈಕಾಲು ತೊಳೆದು ಬಂದು ಒಲೆಯ ಮುಂದೆ ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ.

ಮುದುಕಿ ಅವನನ್ನೇ ನೋಡಿ ಕಿಸಕ್ಕನೆ ನಕ್ಕಳು. ಮಗನಂತೆ ದುಡಿದೆ, ಈಗ ನಿನಗೇನು ಬಡಿಸಲಿ ಎಂದಳು.

"ಮನೆಯಲ್ಲಿ ನೀವು ಏನು ತಿನ್ನುತ್ತೀರೋ ಅದು," ಎಂದ.

ಹಿತೇಶನ ಪಾಲಿನ ಗೋಧಿಯನ್ನು ಆಮೇಲೆ ನೋಡಿದರಾಯಿತೆಂದು ಅವಳು ಡಬ್ಬಿ ಮುಚ್ಚಿದಳು. ಕೈ ತೊಳೆದು ಸಜ್ಜೆ ಹಿಟ್ಟು ಕಲಸಿ, ಸಜ್ಜೆಗೆಂದೇ ಇದ್ದ ಮಣ್ಣಿನ ಹೆಂಚಿಟ್ಟಳು. ಅಂಗೈಯಲ್ಲಿ ಅವಳು ರೊಟ್ಟಿ ತಟ್ಟುವ ಸದ್ದು ಕೇಳಿ ತನಗೆ ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೋಗುವ ಹೊಲ ನೆನಪಾಯಿತು ಎಂದ ಮಾಪಣ್ಣ. ರೊಟ್ಟಿ, ತುಪ್ಪ, ಬೆಳ್ಳುಳ್ಳಿ ಖಾರ, ಮಜ್ಜಿಗೆ. ಹೊಟ್ಟೆ ಬಿರಿಯುವಂತೆ ಉಂಡ.

ಬೆಳಿಗ್ಗೆ ಟ್ರೇಲರ್ ಮೇಲೆದ್ದಿತು. ಸೈಟಿನಲ್ಲಿ ಕ್ರೇನ್ ಇಳಿಸಿ, ಟ್ರಾನ್ಸ್‌ಫಾರ್ಮರಿಗೆ ಕೊಕ್ಕೆ ಸಿಕ್ಕಿಸಿ ಎತ್ತುವಾಗ ಅದರ ಸುತ್ತ ಹಗ್ಗ ಹಿಡಿದ ಹುಡುಗರು ನಿಂತಿದ್ದರು. ಮಾಪಣ್ಣ ಒಂದು ಕಣ್ಣು ಅವರ ಮೇಲಿಟ್ಟಿದ್ದ, ಮನಸ್ಸನ್ನೆಲ್ಲ ತನ್ನ ಹೊಟ್ಟೆಯ ಮೇಲಿಟ್ಟಿದ್ದ. ಹೊಟ್ಟೆ ಕಿಮಕ್ಕೆನ್ನಲಿಲ್ಲ. ಭಾರ ಕಟ್ಟೆಯ ಮೇಲೆ ಮೆತ್ತಗೆ ಕೂತಿತು. ಕೆಳಗಿಳಿದವನೇ ಗುರಮ್ಮನಿಗೆ ಫೋನ್ ಮಾಡಿದ.

ಗುರಮ್ಮ ಟ್ರಾನ್ಸ್‌ಫಾರ್ಮರಿನ ಸುದ್ದಿಯನ್ನೇ ಎತ್ತಲಿಲ್ಲ. "ಏನ್ ಉಂಡಿ?" ಎಂದು ಕೇಳಿದಳು.

"ಸಜ್ಜಿ ರೊಟ್ಟಿ. ಬಿಸಿಬಿಸಿದು."

"ಅಲ್ಲಿ ಯಾರ್ ಮಾಡಿ ಹಾಕಿದ್ರು ನಿನಗ?"

"ಮುದುಕಿ ಒಬ್ಬಾಕಿ. ಸಾಕವ್ವಾ ಅಂದ್ರ ನಿನ್ನಂಗೇ ಬೈದು ಇನ್ನೊಂದು ಹಾಕಿದಳು."

ಆಚೆ ಕಡೆಯಿಂದ ಬರೀ ಅಳು. ಆಮೇಲೆ, "ನನ್ನ ಹೆಸರಲೆ ಆಕಿ ಕಾಲಿಗಿ ಒಂದ್ಸಲ ಬೀಳು," ಎಂದಳು. ಬರುವ ದಾರಿಯಲ್ಲಿ ಮಾಪಣ್ಣ ಟ್ರೇಲರ್ ನಿಲ್ಲಿಸಿ, ಮರಳಿನಲ್ಲಿ ನಡೆದುಹೋಗಿ, ಮುದುಕಿಯ ಕಾಲಿಗೆ ಬಿದ್ದೇ ಬಂದಿದ್ದಾನೆ.