ಹೊಳೆ ಒಯ್ಯದ ಹರಿಗೋಲು

ನನ್ನದಲ್ಲದ ಒಂದು ಹರಿಗೋಲನ್ನು ನಾನು ಧರ್ಮಕ್ಕೆ ಕೊಟ್ಟೆ. ಅದರ ಒಡತಿ ಬಂದು ಕೇಳಿದಾಗ, ಹೊಳೆ ಒಯ್ದಿತು ಎಂದು ಹೇಳಿದೆ. ಇಷ್ಟನ್ನು ಬರೆಯಲು ನನಗೆ ಇಡೀ ಆಯುಷ್ಯ ಬೇಕಾಯಿತು — ಬರೆದ ಮೇಲೆ ನೋಡಿದರೆ ಎರಡೇ ಸಾಲು.

ನಿಜಾಮರ ಕಾಲದ ಮಾತು. ನಮ್ಮದು ಸಿಂಧನೂರಿನ ವ್ಯಾಪಾರಸ್ಥರ ಮನೆ. ತುಂಗಭದ್ರೆಯ ದಂಡೆಗೆ ಒಂದು ಹೊಲವಿತ್ತು. ಈಚೆ ದಂಡೆ ನಿಜಾಮರದು, ಆಚೆ ದಂಡೆ ಇಂಗ್ರೇಜರದು, ನಡುವಿನ ನೀರು ಮಾತ್ರ ಹನುಮಪ್ಪನದು ಎಂದು ಅಪ್ಪ ನಗುತ್ತಿದ್ದರು. ಹನುಮಪ್ಪ ಅಂಬಿಗ. ಅವನೂ ಅವನ ಹೆಂಡತಿ ಯಲ್ಲವ್ವನೂ ಒಂದೇ ಹರಿಗೋಲಿನಲ್ಲಿ ಮೀನು ಹಿಡಿಯುತ್ತಿದ್ದರು — ಅವನು ಹುಟ್ಟು ಹಾಕುವುದು, ಅವಳು ಬಲೆ ಎಳೆಯುವುದು. ಬಿದಿರಿನ ಬುಟ್ಟಿಗೆ ಎಮ್ಮೆಯ ತೊಗಲು ಹೊಲಿದ ಆ ದುಂಡು ದೋಣಿಯನ್ನು ಲಿಂಗಪೂಜೆಯ ನಮ್ಮ ಮನೆಯವರು ಕೈಯಿಂದ ಮುಟ್ಟುತ್ತಿರಲಿಲ್ಲ. ಹೊಳೆ ದಾಟಬೇಕಾದಾಗ ಮಾತ್ರ ಅದರಲ್ಲೇ ಕೂರುತ್ತಿದ್ದೆವು.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿ ಓದುತ್ತಿದ್ದೆ. ರಜೆಗೆ ಬಂದಾಗಲೆಲ್ಲ ಯಲ್ಲವ್ವ ಛೇಡಿಸುತ್ತಿದ್ದಳು: "ಏನ್ರೀ ಸಣ್ಣವ್ವಾರ, ಇಂಗ್ರೇಜಿಯೊಳಗ ಕರದ್ರ ಮೀನ ತಾವಾಗೇ ಬಲಿಗೆ ಬರ್ತಾವೇನ್ರೀ? ಒಂದೀಟು ಕರದು ತೋರಸ್ರಿ ಮತ್ತ!"

ನಾನು ನಿಜವಾಗಿಯೂ "ಕಮ್, ಫಿಶ್, ಕಮ್" ಎಂದು ಕೂಗುತ್ತಿದ್ದೆ. ಹನುಮಪ್ಪ ಹುಟ್ಟು ಬಿಟ್ಟು ನಗುತ್ತಿದ್ದ.

ಒಂದು ದಸರೆಯ ಹೊತ್ತಿಗೆ ಅವನು ಜ್ವರದಲ್ಲಿ ತೀರಿಕೊಂಡ. ಅವರಲ್ಲಿ ಒಂದು ನಡೆಯಿತ್ತು — ಸತ್ತವನ ಹರಿಗೋಲನ್ನು ಬೋರಲು ಹಾಕಬೇಕು. ವರ್ಷ ತುಂಬುವ ತನಕ ಅದಕ್ಕೆ ನೀರು ತಾಗಿಸಬಾರದು, ಎಣ್ಣೆ ಹಚ್ಚಬಾರದು. ಆಮೇಲೆ ಹೊಸ ತೊಗಲು ಹೊದಿಸಿ ಹೊಳೆಗೆ ಇಳಿಸಬೇಕು. ಯಲ್ಲವ್ವ ಅದನ್ನು ನಮ್ಮ ಹೊಲದ ಬೇವಿನ ಮರದ ಕೆಳಗೆ, ಕಲ್ಲುಗಳ ಮೇಲೆ ಬೋರಲು ಹಾಕಿಸಿ, ಕೂಸು ದುರಗವ್ವನನ್ನು ಎತ್ತಿಕೊಂಡು ಸಾಲಗುಂದದ ತವರಿಗೆ ಹೋದಳು. ಹೋಗುವಾಗ ಹೇಳಿದ್ದು ಅಪ್ಪನಿಗಲ್ಲ, ನನಗೆ: "ಒಂದು ಕಣ್ಣಿಟ್ಟಿರ್ರಿ ಸಣ್ಣವ್ವಾರ. ವರ್ಸಕ್ಕ ಬರ್ತೀನಿ."

ಬೇಸಿಗೆ ರಜೆಗೆ ಬಂದಾಗ ಅದರ ತೊಗಲು ಒಣಗಿ ಬಿರಿದಿತ್ತು. ಆಚೆ ದಂಡೆಯಲ್ಲಿ ಕ್ರೈಸ್ತ ಸನ್ಯಾಸಿನಿಯರಾದ ಸಿಸ್ಟರುಗಳು ಹೊಸದಾಗಿ ಒಂದು ದವಾಖಾನೆ ತೆರೆದಿದ್ದರು. ಮಳೆಗಾಲದಲ್ಲಿ ಈಚೆಯ ರೋಗಿಗಳನ್ನು ದಾಟಿಸಲು ಅವರಿಗೆ ದೋಣಿ ಬೇಕಿತ್ತು. ನಮ್ಮ ಶಾಲೆಯಲ್ಲಿ ಆ ವರ್ಷವೆಲ್ಲ ಚಾರಿಟಿಯದೇ ಪಾಠ. ಉಳಿದ ಹುಡುಗಿಯರು ಹಳೇ ಫ್ರಾಕು, ಗೊಂಬೆ ಕೊಡುತ್ತಿದ್ದರು. ನನಗೆ ಅವರೆಲ್ಲರಿಗಿಂತ ದೊಡ್ಡದು ಕೊಡಬೇಕಿತ್ತು. ಗಂಡ ಸತ್ತ ಹೆಂಗಸಿಗೆ ಇನ್ನು ದೋಣಿ ಯಾಕೆ — ಹಾಗೆ ಯೋಚಿಸಿದೆ. ಹೌದು, ಹಾಗೆಯೇ ಯೋಚಿಸಿದೆ.

ಸಿಸ್ಟರ್ ಛತ್ರಿ ಹಿಡಿದು ನೋಡಲು ಬಂದರು. "ಈಸ್ ಇಟ್ ಯುವರ್ಸ್ ಟು ಗಿವ್, ಚೈಲ್ಡ್?" ಎಂದರು.

"ಇಟ್ ಈಸ್ ಅನ್‌ಯೂಸ್ಡ್, ಸಿಸ್ಟರ್."

ಅವರು ಕೇಳಿದ್ದು, ಕೊಡಲು ಇದು ನಿನ್ನದೇನು ಎಂದು. ನಾನು ಹೇಳಿದ್ದು, ಯಾರೂ ಬಳಸುತ್ತಿಲ್ಲ ಎಂದು.

ಮೊಣಕಾಲುದ್ದ ನೀರಿನಲ್ಲಿ ಆಚೆ ದಂಡೆಯ ಇಬ್ಬರು ಆಳುಗಳು ಅದನ್ನು ತಲೆಯ ಮೇಲೆ ಹೊತ್ತು ದಾಟಿದರು. ಮನುಷ್ಯರು ದೋಣಿಯನ್ನು ದಾಟಿಸುವುದನ್ನು ನಾನು ನೋಡಿದ್ದು ಅದೊಂದೇ ಸಲ. ಸಿಸ್ಟರು ಶಾಲೆಗೆ ಕಾಗದ ಬರೆದಿದ್ದರು; ನಾನು ಮರಳಿದ ಮೇಲೆ ಅಸೆಂಬ್ಲಿಯಲ್ಲಿ ನನ್ನ ಹೆಸರು ಓದಿದರು. ಚಿನ್ನದ ಅಂಚಿನ ಒಂದು ಕಾರ್ಡು ಕೊಟ್ಟರು.

ಮರು ದಸರೆಗೆ ಯಲ್ಲವ್ವ ತಮ್ಮನನ್ನು ಕರೆದುಕೊಂಡು ಬಂದಳು. ಮಸ್ಕಿ ಸಂತೆಯಲ್ಲಿ ಕೊಂಡ ಎಮ್ಮೆ ತೊಗಲು ಅವನ ಹೆಗಲ ಮೇಲೆ ಸುರುಳಿಯಾಗಿತ್ತು. "ಸಣ್ಣವ್ವಾರ, ಬೇವಿನ ಬುಡಕ ಬರೇ ಕಲ್ಲು ಅದಾವಲ್ರೀ. ನನ್ನ ಹರಗೋಲ ಎಲ್ಲೈತ್ರೀ?"

ಕೊಟ್ಟದ್ದು ಗೊತ್ತಿರದ ಅಪ್ಪನೂ ನನ್ನ ಮುಖ ನೋಡಿದರು. ಆಗ ಹೇಳಬಹುದಿತ್ತು. ಆಚೆ ದಂಡೆ ಕಣ್ಣಿಗೆ ಕಾಣುತ್ತಲೇ ಇತ್ತು; ಸಿಸ್ಟರು ಅದೇ ದಿನ ಹಿಂದಿರುಗಿಸುತ್ತಿದ್ದರು. ಆದರೆ ಆ ಕಾರ್ಡು — ಅದರ ಮೇಲಿನ ನನ್ನ ಹೆಸರು —

"ನಾ ಬಂದು ನೋಡೂದ್ರಾಗ ಹೊಳಿ ಒಯ್ದಿತ್ತು," ಎಂದೆ.

ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಆ ಕಲ್ಲುಗಳ ಮೇಲೆ ಕುಳಿತಳು. ತಮ್ಮ, "ಹೋಗ್ಲಿ ಬಿಡಬೇ ಅಕ್ಕಾ, ಹೊಸಾದು ಕಟ್ಟಿದ್ರಾತು," ಎಂದ.

"ಕಟ್ಟಾಕ ಬರಂಗಿಲ್ಲಲೇ. ವರ್ಸ ತುಂಬೂದ್ರಾಗ ಗಂಗವ್ವ ಹೊಳ್ಳಿ ತಗೊಂಡಾಳ ಅಂದ್ರ, ನಮ್ಮ ಮನೀಗೂ ಹೊಳಿಗೂ ತೀರಿತು. ಇನ್ನ ನಮ್ಮವರು ಯಾರೂ ನೀರಾಗ ಬಲಿ ಬೀಸಂಗಿಲ್ಲ. ದುರಗಿನೂ ಅಷ್ಟ, ದುರಗಿ ಮಕ್ಕಳೂ ಅಷ್ಟ. ತೊಗಲು ಕೊಟ್ಟು ಬಾ, ಹೋಗು."

ಅವರ ನಡೆಯಲ್ಲಿ ಅರ್ಧ ಮಾತ್ರ ನನಗೆ ಗೊತ್ತಿತ್ತು. ಉಳಿದರ್ಧ ಗೊತ್ತಾದದ್ದು ಆ ಕ್ಷಣ. ನಾನು ಒಯ್ದದ್ದು ಒಂದು ದೋಣಿ ಎಂದುಕೊಂಡಿದ್ದೆ — ಇಡೀ ಹೊಳೆಯನ್ನೇ ಅವರಿಂದ ಕಸಿದಿದ್ದೆ. ಆದರೂ ಆಡಿದ ಸುಳ್ಳನ್ನು ಹಿಂತೆಗೆಯಲಿಲ್ಲ.

ಯಲ್ಲವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯತೊಡಗಿದಳು. ನಾನು ಮದುವೆಯಾಗಿ ಲಿಂಗಸುಗೂರಿಗೆ ಹೋದೆ. ಒಮ್ಮೆ ತವರಿಗೆ ಬಂದಾಗ, ನನ್ನ ಮಗುವಿಗೆ ಎದೆ ಕಟ್ಟಿ ಉಸಿರಾಡಲು ಆಗುತ್ತಿರಲಿಲ್ಲ. ಆಚೆಯ ದವಾಖಾನೆಗೆ ಹೊರಟೆ. ದವಾಖಾನೆಯವರ ಹರಿಗೋಲಿನಲ್ಲಿ ಯಲ್ಲವ್ವ ಕುಳಿತಿದ್ದಳು, ಕಣ್ಣುಬೇನೆಯಾಗಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. ನನ್ನ ದನಿಯ ಗುರುತು ಹಿಡಿದು ಸರಿದು ಜಾಗ ಕೊಟ್ಟಳು. ಹೊಸ ತೊಗಲು ಹೊದಿಸಿ ಡಾಂಬರು ಬಳಿದ ದೋಣಿ — ಕಣ್ಣಿದ್ದವರಿಗೂ ಗುರುತು ಸಿಗುವಂತಿರಲಿಲ್ಲ. ನಡುಹೊಳೆಯಲ್ಲಿ ಅವಳ ಬಲಗೈ ಅಂಚಿನ ಬಿದಿರಿನ ಮೇಲೆ ಸರಿಯುತ್ತ ಹೋಗಿ ಒಂದು ಕಡೆ ನಿಂತಿತು. ಅಲ್ಲಿ ಬಿದಿರು ಸವೆದು ಬೆರಳಗಲದ ತಗ್ಗು ಬಿದ್ದಿತ್ತು.

"ಸಣ್ಣವ್ವಾರ, ಇದು ನನ್ನ ಬಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದಿದ್ದು. ನನ್ನ ಕೈಗೆ ಗೊತ್ತೈತ್ರೀ."

ಅದು ಎರಡನೆಯ ಸಲ ಅವಳು ನನ್ನನ್ನು ಕೇಳಿದ ಹಾಗೆಯೇ. ನನ್ನ ಮಡಿಲಲ್ಲಿ ಮಗು ಉಬ್ಬಸ ಬಿಡುತ್ತಿತ್ತು.

"ಎಲ್ಲಾ ಹರಗೋಲಕ್ಕೂ ಹಂಗ ತಗ್ಗು ಬೀಳ್ತಾವ, ಯಲ್ಲವ್ವ."

"ನೀವು ಅಂದ್ರ ಖರೇನ ಇರ್ಬೇಕ್ರಿ," ಎಂದಳು. "ಓದಿದವ್ರು."

ದಂಡೆ ಮುಟ್ಟುವ ತನಕ ಅವಳು ಆ ತಗ್ಗಿನಿಂದ ಬೆರಳು ತೆಗೆಯಲಿಲ್ಲ.

ಆ ಹರಿಗೋಲು ಎಷ್ಟೋ ಜೀವ ಉಳಿಸಿತು, ನನ್ನ ಮಗುವಿನದೂ. ಅದನ್ನು ನೆನೆದು ಸಮಾಧಾನ ಪಡಲು ನೋಡಿದ್ದೇನೆ — ಆಗುವುದಿಲ್ಲ. ಆ ಜೀವಗಳನ್ನು ಕೊಟ್ಟವಳು ಯಲ್ಲವ್ವ. ಕಾರ್ಡು ಮಾತ್ರ ನನ್ನ ಹೆಸರಿಗಿದೆ. ಕಾನ್ವೆಂಟಿನ ಕ್ರೈಸ್ತ ಗೆಳತಿಯರು ಶನಿವಾರ ಕನ್ಫೆಶನ್ನಿಗೆ ಹೋಗಿ, ಪಾದ್ರಿಗೆ ತಪ್ಪೊಪ್ಪಿಕೊಂಡು ಹಗುರಾಗಿ ಬರುತ್ತಿದ್ದರು. ನನಗೆ ಹಗುರಾಗುವುದು ಬೇಡ.

ಯಲ್ಲವ್ವ ಹೋಗಿ ಬಹಳ ವರ್ಷವಾಯಿತು. ಅವಳ ಮಗಳು ದುರಗವ್ವ ಇದ್ದಾಳೆ, ತುರ್ವಿಹಾಳದಲ್ಲಿ, ಮೊಮ್ಮಕ್ಕಳ ಜೊತೆ. ಮನೆಯ ಎದುರಿಗೇ ಕಾಲುವೆ. ಓಣಿಯ ಮಕ್ಕಳೆಲ್ಲ ಅದಕ್ಕೆ ಗಾಳ ಹಾಕಿ ಕೂತರೆ, ಇವರ ಮಕ್ಕಳು ದೂರ ನಿಂತು, "ನಮಗ ನಡಿಯಂಗಿಲ್ಲ" ಎನ್ನುತ್ತಾರಂತೆ. ಯಾಕೆಂದು ಆ ಮಕ್ಕಳಿಗೆ ಗೊತ್ತಿಲ್ಲ. ನನಗೆ ಗೊತ್ತು.

ನಾಳೆ ಮುಂಜಾನೆಯ ಬಸ್ಸಿಗೆ ಹೋಗುತ್ತೇನೆ. ಕಾರ್ಡನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ — ಅದೂ ನನಗಾಗಿಯೇ ಕೇಳಿದ ಹಾಗೆ. ಅವಳೆದುರು ಕುಳಿತು, ಅವಳ ಮಾತಿನಲ್ಲೇ ಹೇಳಬೇಕು: ದುರಗವ್ವ, ಹೊಳಿ ಒಯ್ದಿಲ್ಲವ್ವ, ನಾ ಒಯ್ದೀನಿ. ಮಕ್ಕಳು ಗಾಳ ಹಾಕ್ಲಿ.