ಕಸ್ತೂರಿಯ ಎಂಟು ಗಾಲಿಗಳು

ಹುಡುಗಿಯರು ಬಿದ್ದು ಕೈ ಮುರಿದುಕೊಳ್ಳಬಹುದಿತ್ತು. ಜೀಪು ಪಂಕ್ಚರ್ ಆಗಬಹುದಿತ್ತು. ವಯಸ್ಸಿನ ದಾಖಲೆಯ ಮೇಲಿನ ಸೀಲು ಮಸುಕಾಗಿದೆ ಎಂದು ಸಂಘಟಕರು ತಕರಾರು ತೆಗೆಯಬಹುದಿತ್ತು. ಅಕ್ಕನ ಕಾಲಿಗೆ ತಂಗಿಯೇ ತೊಡರಬಹುದಿತ್ತು. ತಡವಾಗಿ ತಲುಪಿ ಹೆಸರೇ ಹೊಡೆದುಹೋಗಬಹುದಿತ್ತು. ಬನಹಟ್ಟಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದ ನಾನು 2011ರ ಜನವರಿಯ ಆ ದಿನಕ್ಕಾಗಿ ಇಂಥ ಹದಿನೇಳು ಅಪಾಯಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದೆ. ಹದಿನೆಂಟನೆಯದು ಹೊಳೆದಿರಲಿಲ್ಲ.

ಅಂದು ಬಾಗಲಕೋಟೆಯ ನವನಗರದಲ್ಲಿ ರೋಲರ್ ಸ್ಕೇಟಿಂಗ್ ಜಿಲ್ಲಾ ಆಯ್ಕೆ. ನೂರು ಮೀಟರಿನ ಪುಟ್ಟ ಟ್ರ್ಯಾಕ್, ಹತ್ತು ಸುತ್ತು, ಮೊದಲ ಇಬ್ಬರು ಮಾತ್ರ ರಾಜ್ಯ ಮಟ್ಟಕ್ಕೆ. ನನ್ನ ಸ್ಪರ್ಧಿಗಳು ಅಕ್ಕತಂಗಿಯರು: ಹದಿನಾರರ ಕಸ್ತೂರಿ, ಹದಿನಾಲ್ಕರ ಸುನಂದಾ. ಒಲಿಂಪಿಕ್ಸ್‌ನ ಮಂಜುಗಡ್ಡೆಯ ಓಟವನ್ನು ಟೀವಿಯಲ್ಲಿ ನೋಡಿ, ಮಾರುಕಟ್ಟೆ ಪ್ರಾಂಗಣದ ಸಿಮೆಂಟಿನ ಮೇಲೆ ಗಾಲಿ ಕಟ್ಟಿಕೊಂಡು ಕಲಿತವರು. ಮಂಜುಗಡ್ಡೆಯನ್ನು ಇಬ್ಬರೂ ಕಂಡದ್ದು ಕಬ್ಬಿನ ಹಾಲಿನ ಗ್ಲಾಸಿನಲ್ಲಷ್ಟೇ.

ಅವರ ತಂದೆ ಯಲ್ಲಪ್ಪ, ಲೈನ್‌ಮನ್. ಹೊರಡುವಾಗ ಜೀಪಿನ ಕಿಟಕಿ ಹಿಡಿದು ನಿಂತರು.

"ನಮ್ಮ ಮುತ್ಯಾ ಕುರಿ ಹಿಂದ ನಡದಾ, ನಾ ಕಂಬಾ ಏರಿದೆ, ಇವು ಗಾಲಿ ಮ್ಯಾಲ ಹೊಂಟಾವು. ಇರ್ಲಿ. ಆದ್ರ ಕಸ್ತೂರಿ ಈ ಸಲ ರಾಜ್ಯಕ್ಕ ಹೋಗಲಿಲ್ಲಂದ್ರ ಸಾಕ್ರಿ ಸರ್ರ. ಹೊಲಿಗಿ ಕ್ಲಾಸಿಗೆ ಹಚ್ಚತೇನಿ."

ಬೀರೇಶ್ವರನ ಭಂಡಾರದ ಪೊಟ್ಟಣವೊಂದನ್ನು ನನ್ನ ಕೈಗಿತ್ತರು. ದೇವರ ಪ್ರಸಾದವಾದ ಅರಿಶಿನ ಪುಡಿ. "ಇಬ್ಬರ ಹಣಿಗೂ ಹಚ್ಚರಿ."

ಬೀಳಗಿಗೆ ಮೊದಲೇ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಬಿದ್ದೆವು. ಮುಂದೊಂದು, ಹಿಂದೊಂದು, ಒಂದೊಂದಕ್ಕೂ ಎರಡೆರಡು ಟ್ರಾಲಿ. ಕಿಟಕಿ ತೆರೆದರೆ ಕಬ್ಬಿನ ಗರಿ ಮುಖಕ್ಕೆ ಬಡಿಯುತ್ತಿತ್ತು. ಸ್ವಲ್ಪ ಪಕ್ಕಕ್ಕೆ ಸರಿಸಪ್ಪ ಎಂದು ಟ್ರ್ಯಾಕ್ಟರಿನವನನ್ನು ಬೇಡಿಕೊಂಡೆ.

"ಎಲ್ಲಿ ಸರಸ್ಲಿ ಯಜಮಾನ್ರ, ನಿಮ್ಮ ತಲಿ ಮ್ಯಾಲ?"

"ಕುಂಡ್ರರಿ ಸರ್ರ," ಎಂದಳು ಕಸ್ತೂರಿ. "ನೀವು ಏಳೂದು ಕುಂಡ್ರೂದು ನೋಡಿ ನನಗ ತಲಿ ತಿರಗಾಕತ್ತೈತಿ." ತಂಗಿಯ ಹೆಗಲಿಗೊರಗಿ ನಿದ್ದೆ ಹೋದಳು. ತಂಗಿಯೂ ಮಲಗಿದಳು.

ಒಂದೂವರೆ ಗಂಟೆ. ಇಳಿಯುವಂತಿಲ್ಲ, ಮುಂದೆ ಹೋಗುವಂತಿಲ್ಲ, ಕೈ ಮಾತ್ರ ಸುಮ್ಮನಿರುತ್ತಿಲ್ಲ. ಮಲಗಿದವರ ಹಣೆಗೆ ಭಂಡಾರ ಹಚ್ಚಿದೆ. ಪೊಟ್ಟಣದಲ್ಲಿ ಇನ್ನೂ ಬಹಳ ಉಳಿದಿತ್ತು. ದೇವರ ಸಹಾಯ ಹೆಚ್ಚು ಬೇಕಾದದ್ದು ಕಸ್ತೂರಿಗೆ ತಾನೇ? ಅವಳ ಸ್ಕೇಟ್‌ಗಳನ್ನು ತೊಡೆಯ ಮೇಲಿಟ್ಟುಕೊಂಡು ಎಂಟೂ ಗಾಲಿಗಳ ಮೇಲೆ ಧಾರಾಳವಾಗಿ ಉದುರಿಸಿ, ಮೇಲಿನದನ್ನು ಒರೆಸಿ, ಕೈಮುಗಿದೆ.

ನವನಗರ ತಲುಪಿದಾಗ ಹೆಸರು ಕೂಗುತ್ತಿದ್ದರು. ಒಂದು ಸುತ್ತು ಹೊಡೆದು ನೋಡಲೂ ಸಮಯವಿರಲಿಲ್ಲ.

ತರಬೇತುದಾರ ಹಗ್ಗದಾಚೆಗೇ ನಿಲ್ಲಬೇಕು. ಹಗ್ಗ ಹಿಡಿದು ನಿಂತೆ. ಏಳನೆಯ ಸುತ್ತಿನವರೆಗೆ ಸುನಂದಾ ಮೊದಲು, ಕಸ್ತೂರಿ ಎರಡನೆಯವಳು. ಆಮೇಲೆ ಕಸ್ತೂರಿ ಎಷ್ಟು ತಳ್ಳಿದರೂ ಗಾಲಿ ಓಡಲಿಲ್ಲ. ಮುಧೋಳದ ಹುಡುಗಿ ಹೊರಬದಿಯಿಂದ ಬಂದು ಮುಚ್ಚಿದಳು. ಒಳಗೆ ಗೆರೆ, ಮುಂದೆ ತಂಗಿ. ಇದಕ್ಕೆ ನಮ್ಮಲ್ಲಿ 'ಬಾಕ್ಸ್' ಆಗುವುದು ಎನ್ನುತ್ತಾರೆ. ಮೂರೂ ಕಡೆ ಗೋಡೆ ಎದ್ದಂತೆ. ಸುನಂದಾ ಹಿಂತಿರುಗಿ ನೋಡಿ ವೇಗ ತಗ್ಗಿಸಿದಳು.

"ತಿರುಗಿ ನೋಡಬ್ಯಾಡಬೇ, ನೀ ನಡಿ!" ಅಕ್ಕ ಕಿರುಚಿದಳು.

ಸುನಂದಾ ಮೊದಲಿಗಳಾಗಿ ಬಂದಳು. ಕಸ್ತೂರಿ ಮುಧೋಳದವಳಿಗಿಂತ ಅರ್ಧ ಗಾಲಿಯಷ್ಟು ಹಿಂದೆ, ಮೂರನೆಯವಳು.

ಮೆಟ್ಟಿಲ ಮೇಲೆ ಕೂತು ಅವಳು ಗಾಲಿಯನ್ನು ಬೆರಳಿನಿಂದ ತಿರುಗಿಸಿದಳು. ಎರಡು ಸುತ್ತಿಗೆ ನಿಂತಿತು. ಗಾಲಿಯ ನಡುವೆ ಬೇರಿಂಗ್ ಇರುತ್ತದೆ, ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡುಗಳ ಬಳೆ. ಹಿಂದಿನ ದಿನವಷ್ಟೇ ಅವಳು ಅದಕ್ಕೆ ಮಗ್ಗದ ಎಣ್ಣೆ ಬಿಟ್ಟಿದ್ದಳು. ಎಣ್ಣೆಯಲ್ಲಿ ಅರಿಶಿನ ಕಲಸಿ ಹಿಟ್ಟಾಗಿತ್ತು. ತನ್ನ ಬೆರಳ ತುದಿ ನೋಡಿಕೊಂಡಳು. ಆಮೇಲೆ ನನ್ನ ಬೆರಳುಗಳನ್ನು ನೋಡಿದಳು.

"ಅಪ್ಪಗ ಹೇಳಬ್ಯಾಡ್ರಿ ಸರ್ರ," ಎಂದಳು. "ಸುನಂದಾನ್ನ ನಿಮ್ಮ ಜೋಡಿ ಕಳಸೂದು ಬಿಡತಾನ."

ಸುನಂದಾ ಮತ್ತೆ ಆರು ವರ್ಷ ಸ್ಪರ್ಧಿಸಿದಳು. ಹೊಲಿಗೆ ಕಲಿತ ಕಸ್ತೂರಿ ತಂಗಿಯ ಬೇರಿಂಗ್‌ಗಳನ್ನು ತಾನೇ ತೊಳೆಯುತ್ತಿದ್ದಳು, ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ಪ್ರತಿ ಸಲವೂ ಯಲ್ಲಪ್ಪ ಕಿಟಕಿಯಿಂದ ಪೊಟ್ಟಣ ಕೊಡುತ್ತಿದ್ದರು, ಪ್ರತಿ ಸಲವೂ ನಾನು ತಲೆ ತಗ್ಗಿಸಿ ತೆಗೆದುಕೊಳ್ಳುತ್ತಿದ್ದೆ. ಕಬ್ಬಿನ ಸಾಲಿನಿಂದ ಒಂದೂವರೆ ಗಂಟೆಯಲ್ಲಿ ಹೊರಬಂದೆ. ಆ ಕಿಟಕಿಯಿಂದ ಹೊರಬರಲು ಆರು ವರ್ಷ ಹಿಡಿಯಿತು. "ಇನ್ನ ಬರೀರಿ" ಎಂದು ಕಸ್ತೂರಿ ಈಗ ಇದನ್ನೆಲ್ಲ ಬರೆಯಲು ಒಪ್ಪಿಗೆ ಕೊಟ್ಟಿದ್ದಾಳೆ.

ಸ್ಪರ್ಧೆಯ ದಿನ ತರಬೇತುದಾರನ ಕೈಗಳು ಜೇಬಿನಲ್ಲಿರಬೇಕು. ನನ್ನ ನೌಕರಿ ಕಲಿಸಿದ್ದು ಇಷ್ಟೇ. ಡೈರಿಯ ಹದಿನೇಳರಲ್ಲಿ ಒಂದೂ ನಡೆಯಲಿಲ್ಲ. ನಡೆದದ್ದು, ಹಣೆಗೆಂದು ಕೊಟ್ಟ ಅರಿಶಿನ ನನ್ನ ಕೈಯಿಂದ ಗಾಲಿಗೆ ಬಿದ್ದದ್ದು.