ಒಂದೇ ಪಾಲು ತೋರಿಸಿದವನು

ನಾಲ್ಕಕ್ಷರ ಉರ್ದು ಕಲಿತದ್ದಕ್ಕೆ ನನಗೆ ಕೋಡು ಮೂಡಿತ್ತು. ಬಸವಕಲ್ಯಾಣದ ಶಾಲೆಯಲ್ಲಿ ಐದು ವರ್ಷ ಕೂತು ಬಂದವನು ನಮ್ಮ ಹಟ್ಟಿಗೆ ನಾನೊಬ್ಬನೇ. ಯಾರ ಮನೆಗೆ ಕಾಗದ ಬಂದರೂ ನನ್ನ ಮುಂದೆ ತಂದು ಹಿಡಿಯಬೇಕು. ನಾನೇನು ಸುಮ್ಮನೆ ಓದುತ್ತಿದ್ದೆನೇ? ಎರಡು ಮಾತು ಬೈದೇ ಓದುತ್ತಿದ್ದೆ. ಆಗ ನಿಜಾಮರ ಆಳ್ವಿಕೆ. ನನಗೆ ಇಪ್ಪತ್ತೆರಡು ವಯಸ್ಸು, ಮದುವೆಯಾಗಿ ಬೇರೆ ಮನೆ ಮಾಡಿ ಒಂದು ವರ್ಷವಾಗಿತ್ತು.

ನಾವು ಗೊಂಡರು, ಕುರಿ ಕಾಯುವವರು. ನಾರಾಯಣಪುರದ ಆಚೆಗಿನ ಗುಡ್ಡದ ಬುಡದಲ್ಲಿ ಹತ್ತು ಹನ್ನೊಂದು ಮನೆಗಳು. ಗುಡ್ಡ ಯಾರದು ಎಂದರೆ ನಮ್ಮದು. ಕಾಗದ ತೋರಿಸು ಎಂದರೆ ಇಲ್ಲ. ಹಿರಿಯರು ಗುಡ್ಡಕ್ಕೆ ಮೂರು ಪಾಲು ಮಾಡಿಟ್ಟಿದ್ದರು. ಪ್ರತಿ ಯುಗಾದಿಗೆ ಒಂದು ಪಾಲು ಬಂದ್. ಅದರ ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿದರೆ ಮುಗಿಯಿತು, ಮುಂದಿನ ಯುಗಾದಿವರೆಗೆ ಅಲ್ಲಿ ಕುರಿಯೂ ಕಾಲಿಡುವಂತಿಲ್ಲ, ಕೊಡಲಿಯೂ ಆಡುವಂತಿಲ್ಲ. ಉಳಿದೆರಡರಲ್ಲಿ ಮೇವು. ಮರುವರ್ಷ ಬಂದ್ ಆಗುವ ಸರದಿ ಇನ್ನೊಂದು ಪಾಲಿನದು. ಇದನ್ನೆಲ್ಲ ನಡೆಸುವವನು ನನ್ನ ಮುತ್ಯಾ, ಅಪ್ಪನ ಅಪ್ಪ. ಹಟ್ಟಿಗೆ ಅವನೇ ಹಿರಿಯ.

ಒಂದು ಚಳಿಗಾಲ ಹುಮನಾಬಾದಿನ ಜಂಗಲ್ ಕಚೇರಿಯಿಂದ ಸಾಹೇಬರೊಬ್ಬರು ಕುದುರೆ ಮೇಲೆ ಬಂದರು. ಮುತ್ಯಾನಿಗೆ ಮೊಣಕಾಲು ನೋವು, ಗುಡ್ಡ ಹತ್ತಲಾಗಲಿಲ್ಲ. ನನ್ನನ್ನು ಕರೆದು, "ಪೂರಾ ಗುಡ್ಡ ತಿರುಗಿಸಿ ತೋರಸು. ಬಾಯಿಲೆ ಹೇಳಬ್ಯಾಡ, ಕಾಲಿಲೆ ತೋರಸು" ಎಂದ.

"ನನಗ ಹೇಳಿಕೊಡತೀಯೇನು ಮುತ್ಯಾ?" ಎಂದು ನಾನು ಹೊರಟೆ.

ಸಾಹೇಬರು ಒಳ್ಳೆಯ ಮನುಷ್ಯರೇ. ಅರ್ಧ ಗುಡ್ಡ ಹತ್ತಿದ ಮೇಲೆ ಉರ್ದುವಿನಲ್ಲಿ ಬಿಡಿಸಿ ಹೇಳಿದರು: ಗುಡ್ಡವನ್ನು ಸರ್ಕಾರ ಜಂಗಲ್‌ಗೆ ಸೇರಿಸಿಕೊಳ್ಳುತ್ತದೆ, ಆದರೆ ನೀವು ಕಾಪಾಡಿಕೊಂಡು ಬಂದ ಜಾಗವಿದ್ದರೆ ಅದನ್ನು ನಿಮಗೇ ಬಿಡಬಹುದು. ಯಾವುದು ತೋರಿಸು.

ನಮ್ಮ ಮುಂದೆ ಮೂರೂ ಪಾಲು ಕಾಣುತ್ತಿದ್ದವು. ಬಂದ್ ಆದ ಪಾಲಿನಲ್ಲಿ ಎದೆಮಟ್ಟ ಹುಲ್ಲು. ಉಳಿದೆರಡು ಕುರಿ ಮೇಯ್ದು ಬೋಳು ಬೋಳು. ಆ ಬೋಳನ್ನು ತೋರಿಸಿ "ಇದನ್ನೂ ಕಾಪಾಡಿದ್ದೇವೆ" ಅನ್ನುವುದಕ್ಕೆ ನನಗೆ ನಾಚಿಕೆಯಾಯಿತು, ಅಷ್ಟೇ. ಸಾಹೇಬರು ನಕ್ಕಾರು ಅನ್ನಿಸಿತು. ಬೆರಳು ಚಾಚಿ ಹುಲ್ಲು ಬೆಳೆದ ಪಾಲು ತೋರಿಸಿದೆ. ಅವರು ಶಹಬ್ಬಾಸ್ ಎಂದರು. ಅವರು ಬರೆದ ಕಾಗದದ ಕೆಳಗೆ ಚಂದಾಗಿ ಸಹಿ ಮಾಡಿದೆ. ಅಯ್ಯೋ, ಆ ಸಹಿ!

ತಿಂಗಳೊಳಗೆ ಆ ಎರಡೂ ಬೋಳು ಪಾಲಿನ ಸುತ್ತ ಸರ್ಕಾರಿ ಕಲ್ಲು ನೆಟ್ಟರು, ಒಬ್ಬ ಕಾವಲುಗಾರನನ್ನೂ ಇಟ್ಟರು. ನಾನು, ಮುತ್ಯಾ ಹುಮನಾಬಾದಿಗೆ ಓಡಿದೆವು. ಇವತ್ತು ಬೋಳಾಗಿರುವುದೇ ನಾಳೆ ಹುಲ್ಲಾಗುತ್ತದೆ, ಇದು ಸರದಿ ಎಂದು ಸಾಹೇಬರಿಗೆ ಕೈಮುಗಿದು ಹೇಳಿದೆ. ಅವರು ಕಾಗದ ತೆಗೆದು ನನ್ನ ಸಹಿ ತೋರಿಸಿ, ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಏನಂತಾರ?" ಎಂದ ಮುತ್ಯಾ. ಆ ಪ್ರಶ್ನೆಯನ್ನು ನನ್ನ ಬಾಯಿಂದಲೇ ಕನ್ನಡ ಮಾಡಿ ಅವನಿಗೆ ಹೇಳಬೇಕಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯುಗಾದಿಗೆ ಹಟ್ಟಿಯೆಲ್ಲ ಬೇವಿನ ಮರದ ಕೆಳಗೆ ಕೂಡಿತು. ಉಳಿದ ಒಂದು ಪಾಲಿನಲ್ಲಿ ಅಷ್ಟೂ ಕುರಿ ಬಿಟ್ಟರೆ ಎರಡೇ ತಿಂಗಳಿಗೆ ಮಣ್ಣು ಕಾಣುತ್ತದೆ, ಅದು ಎಲ್ಲರಿಗೂ ಗೊತ್ತು. ನಾನು ಎದ್ದು, "ತಪ್ಪು ನಂದು, ದಂಡ ಹಾಕ್ರಿ" ಎಂದೆ. ನಮ್ಮಲ್ಲಿ ದಂಡವೆಂದರೆ ಕೆರೆಯ ಒಡ್ಡಿಗೆ ಕಲ್ಲು ಹೊರುವುದು. ಹೊತ್ತು ಮುಗಿಸಿದವನ ತಪ್ಪನ್ನು ಆಮೇಲೆ ಯಾರೂ ಎತ್ತುವಂತಿಲ್ಲ.

ನನ್ನ ದೊಡ್ಡವ್ವ, "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಕಲ್ಲು ಹೊತ್ರ ಬರತದೇನು?" ಎಂದಳು.

ಕೊನೆಗೆ ಮುತ್ಯಾ ಹೇಳಿದ. "ಆ ಪಾಲಿಗೆ ನಾಕು ಮನಿ ಕುರಿ ಸಾಕು. ಅದನ್ನ ಮೂರು ತುಂಡು ಮಾಡ್ರಿ, ಸರದಿ ಬಿಡಬ್ಯಾಡ್ರಿ. ಉಳದವರು ಕುರಿ ಮಾರಿ ಹೊಂಡೂಣು. ಮದಲ ನಂದು."

ಎಂಬತ್ತರ ಹತ್ತಿರದ ಮುದುಕ! ಉಳಿಯುವ ನಾಲ್ಕು ಮನೆಗಳಲ್ಲಿ ನನ್ನದನ್ನೂ ಅವನೇ ಎಣಿಸಿದ್ದ. ಹೊರಡುವ ದಿನ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಹುಮನಾಬಾದಿನ ದಾಲ್ ಅಡತಿಯಲ್ಲಿ, ಬೇಳೆ ವ್ಯಾಪಾರದ ಮಂಡಿಯಲ್ಲಿ, ಕಾವಲಿಗೆ ಯಾರೋ ಬಾ ಎಂದಿದ್ದರಂತೆ. ಅವನ ಜೊತೆ ಹೊರಟವರು ಅಲ್ಲೇ ಚೀಲ ಹೊರುವವರು. ನನಗೆ ದಂಡವನ್ನೂ ಹಾಕಲಿಲ್ಲ, ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಜಗಳಕ್ಕೆ ನಿಲ್ಲುತ್ತಿದ್ದೆ, ನನ್ನ ಬಾಯಿ ಅಂಥದು. ಆಗ ಎಷ್ಟೋ ಹಗುರಾಗುತ್ತಿತ್ತು.

"ನಾನೂ ಬರತೀನಿ ಮುತ್ಯಾ. ನನ್ನ ಜಾಗಾದಾಗ ನೀ ಇರು" ಎಂದು ಅವನ ಕಾಲು ಹಿಡಿದೆ.

ಅವನು ನನ್ನ ತಲೆ ಮೇಲೆ ಕೈ ಇಟ್ಟ. "ಹುಚ್ಚಾ, ನೀ ಬಂದ್ರ ಆ ಹುಲ್ಲು ಯಾರು ಕಾಯತಾರ? ಅದೊಂದು ಪಾಲರೆ ಉಳಿಸಿದಾಂವ ನೀನ ಅಲ್ಲೇನು?"

ಚುಚ್ಚಿ ಆಡಿದ ಮಾತಲ್ಲ ಅದು. ಅವನು ಮನಸಾರೆ ಹಾಗೆಯೇ ನಂಬಿದ್ದ.